ನಾನು 70 ಕೊಟ್ಟೆ, ನನ್ನ ಹೆಂಡ್ತಿ 40 ಕೊಟ್ಲು

ಹೋದ ವರ್ಷ ಒಂದು ಬುಧವಾರ ಬೆಳಗ್ಗೆ ಏಳೂವರೆ ಇರ್ಬೇಕು, ಎಡಗೈಗೆ ಎರಡು ಸೂಜಿ ಚುಚ್ಚಿ ಮಿಷಿನ್ ಆನ್ ಮಾಡಿ ಅರ್ಧ ಗಂಟೆ ಆಗಿತ್ತು, ಬಿಳಿ ಕೋಟ್ ಹಾಕ್ಕೊಂಡಿದ್ದ ಒಬ್ಬ ಹುಡುಗಿ ಕೈಲಿ ಒಂದಷ್ಟು ಪೇಪರ್ ಹಿಡ್ಕೊಂಡು ಬಂದು "ಅಣ್ಣ, ಹತ್ತು ನಿಮಿಷ ಟೈಮ್ ಇದ್ಯಾ" ಅಂದ್ಲು. ಟೈಮ್ ಇದ್ಯಾ ಅಂತೆ. ಇನ್ನೂ ಮೂರೂವರೆ ಗಂಟೆ ಆ ಬೆಡ್ ಬಿಟ್ಟು ಅಲ್ಲಾಡಂಗಿಲ್ಲ ನಾನು. ಕೇಳಮ್ಮ ಅಂದೆ.

ಪಿಜಿ ಮಾಡ್ತಿದ್ಲಂತೆ, ಅವಳ ಥೀಸಿಸ್‌ಗೆ ಡಯಾಲಿಸಿಸ್ ಮಾಡಿಸ್ಕೊಳ್ಳೋರ ಬದುಕು ಹೆಂಗಿದೆ ಅಂತ ಕೇಳೋ ಫಾರಂ. ಐದು ಪ್ರಶ್ನೆ. ಓಡಾಡೋಕೆ ತೊಂದ್ರೆ ಇದ್ಯಾ, ಸ್ನಾನ ಬಟ್ಟೆ ನೀವೇ ಮಾಡ್ಕೊಳ್ತೀರಾ, ದಿನದ ಕೆಲ್ಸ ಆಗುತ್ತಾ, ನೋವು ಇದ್ಯಾ, ಮನಸ್ಸಿಗೆ ಕಳವಳ ಬೇಜಾರು ಇದ್ಯಾ. ಒಂದೊಂದಕ್ಕೂ ಐದು ಉತ್ತರ, ಏನೂ ತೊಂದ್ರೆ ಇಲ್ಲ ಅನ್ನೋದ್ರಿಂದ ಹಿಡಿದು ಆಗೋದೇ ಇಲ್ಲ ಅನ್ನೋವರ್ಗೂ. ಕೊನೆಗೆ ಥರ್ಮಾಮೀಟರ್ ತರ ಒಂದು ಗೀಟು, ಕೆಳಗೆ 0 ಮೇಲೆ 100. ನೂರು ಅಂದ್ರೆ ನೀವು ಊಹಿಸ್ಕೊಳ್ಳೋಕೆ ಆಗೋ ಅತ್ಯಂತ ಒಳ್ಳೆ ಆರೋಗ್ಯ, ಸೊನ್ನೆ ಅಂದ್ರೆ ಅತ್ಯಂತ ಕೆಟ್ಟದ್ದು. ಇವತ್ತು ನೀವು ಎಲ್ಲಿದೀರಾ ಗುರುತು ಹಾಕಿ ಅಂದ್ಲು. ನಾನು ಬಲಗೈಲಿ ಪೆನ್ ಇಸ್ಕೊಂಡು ಜಾಸ್ತಿ ಯೋಚನೆನೂ ಮಾಡ್ದೆ 70ಕ್ಕೆ ಗುರುತು ಹಾಕಿದೆ.

ಆಮೇಲೆ ಅವಳು ಹೊರಗೆ ಬೆಂಚ್ ಮೇಲೆ ಕೂತಿದ್ದ ನನ್ನ ಹೆಂಡ್ತೀನೂ ಕೇಳಿದ್ಲಂತೆ, ನಿಮ್ಮ ಯಜಮಾನರ ಆರೋಗ್ಯ ಎಷ್ಟು ಅನ್ಸುತ್ತೆ ಅಂತ. ಅವಳು 40 ಅಂದಿದ್ದಾಳೆ.

ಅವತ್ತು ಮನೆಗೆ ಬರೋವಾಗ ಬಸ್ಸಲ್ಲಿ ಇಬ್ರೂ ಇದೇ ಮಾತು. ನೀನ್ಯಾಕೆ 40 ಅಂದೆ ಅಂತ ನಾನು, ನೀವ್ಯಾವ ಧೈರ್ಯದಲ್ಲಿ 70 ಅಂದ್ರಿ ಅಂತ ಅವಳು. ಮದ್ದೂರು ಬರೋವರ್ಗೂ ಮುಗೀಲಿಲ್ಲ. ಆದ್ರೆ ನಿಜ ಹೇಳ್ಬೇಕು ಅಂದ್ರೆ ನನ್ನ ತಲೇಲಿ ಓಡ್ತಿದ್ದದ್ದು ಅವಳ 40 ಅಲ್ಲ, 2016ರಲ್ಲಿ ನಮ್ಮ ದೊಡ್ಡಪ್ಪನಿಗೆ ನಾನು ಕೊಟ್ಟಿದ್ದ ಸೊನ್ನೆ.

ಮೊದ್ಲು ಅದನ್ನ ಹೇಳ್ಬಿಡ್ತೀನಿ.

ದೊಡ್ಡಪ್ಪನಿಗೆ ಆಗ 68. ಸಕ್ಕರೆ ಕಾಯಿಲೆ ಇತ್ತು, ಕಾಲು ಊತ, ಉಬ್ಬಸ, ಟೆಸ್ಟ್ ಮಾಡಿಸಿದ್ರೆ ಕಿಡ್ನಿ ಎರಡೂ ಹೋಗಿದೆ, ಡಯಾಲಿಸಿಸ್ ಶುರು ಮಾಡ್ಬೇಕು ಅಂದ್ರು. ಮಕ್ಕಳು ಬೆಂಗಳೂರಿಂದ ಬಂದ್ರು, ಜಗಲಿ ಮೇಲೆ ಪಂಚಾಯ್ತಿ. ನಾನು ಡಿಪ್ಲೊಮಾ ಓದಿದೋನು, ಮಂಡ್ಯದಲ್ಲಿ ಮೋಟರ್ ರಿವೈಂಡಿಂಗ್ ಅಂಗ್ಡಿ ಇಟ್ಕೊಂಡಿರೋನು, ನಾಲ್ಕು ಜನ ಗೊತ್ತು, ಹಂಗಾಗಿ "ಒಸಿ ಹೋಗಿ ಅದೆಂಗೆ ಏನು ಅಂತ ನೋಡ್ಕಂಡ್ ಬಾಪ್ಪ" ಅಂತ ನನ್ನ ಕಳ್ಸಿದ್ರು. ಹೋದೆ. ಬಾಗ್ಲಲ್ಲಿ ನಿಂತು ಒಳಗೆ ನೋಡ್ದೆ. ಸಾಲಾಗಿ ಬೆಡ್ಡು, ಒಂದೊಂದು ಬೆಡ್ ಪಕ್ಕ ಒಂದೊಂದು ಮಿಷಿನ್, ಪೈಪಲ್ಲಿ ರಕ್ತ ಓಡ್ತಾ ಇದೆ, ಮಲಗಿರೋರ ಮುಖ ಎಲ್ಲ ಬೂದಿ ಬಳಿದಂಗೆ ಕಪ್ಪಿಟ್ಟಿದೆ, ಒಬ್ರು ವಾಂತಿ ಮಾಡ್ಕೊಳ್ತಾ ಇದ್ರು. ಐದು ನಿಮಿಷ ನಿಂತಿದ್ನೋ ಇಲ್ವೋ. ವಾಪಸ್ ಬಂದು ಜಗಲಿ ಮೇಲೆ ಕೂತು ಹೇಳ್ದೆ, ಬೇಡ, ವಾರಕ್ಕೆ ಮೂರು ಸಲ ಮಿಷಿನ್‌ಗೆ ಕಟ್ಟಾಕಿ ಎಳೆದಾಡ್ಸೋದು ಒಂದು ಬಾಳಾ, ಕ್ವಾಲಿಟಿ ಆಫ್ ಲೈಫ್ ಅಂತ ಒಂದಿರುತ್ತೆ, ಮನೇಲೇ ನೆಮ್ಮದಿಯಾಗಿ ಇರ್ಲಿ.

ಕ್ವಾಲಿಟಿ ಆಫ್ ಲೈಫ್. ಆ ಜಗಲಿ ಮೇಲೆ ಆ ಮಾತಿಗೆ ಎಂಥ ತೂಕ ಬಂತು ಅಂದ್ರೆ ಯಾರೂ ಎದುರು ಮಾತಾಡ್ಲಿಲ್ಲ. ಎಲ್ರಿಗೂ ಒಳಗೊಳಗೇ ಬೇಕಾಗಿದ್ದ ಮಾತು ಅದು. ದುಡ್ಡಿನ ಲೆಕ್ಕ ಇತ್ತು, ಯಾರು ಕರ್ಕೊಂಡು ಹೋಗೋದು ಯಾರು ಬರೋದು ಅನ್ನೋ ಲೆಕ್ಕ ಇತ್ತು, ಯಾವುದನ್ನೂ ಬಾಯಿಬಿಟ್ಟು ಆಡೋ ಹಂಗಿರ್ಲಿಲ್ಲ, ನನ್ನ ಇಂಗ್ಲಿಷ್ ಮಾತು ಅದಕ್ಕೆಲ್ಲ ಮುಸುಕು ಹೊದ್ದಿಸ್ತು. ದೊಡ್ಡಪ್ಪ ನಡುಮನೇಲೇ ಮಲ್ಗಿದ್ರು. ಜಗಲಿಗೂ ನಡುಮನೆಗೂ ಮಧ್ಯ ಒಂದು ಗೋಡೆ. ಒಳಗೆ ಹೋಗಿ ನಿಂಗೇನ್ ಬೇಕು ಅಂತ ಅವರನ್ನ ಯಾರೂ ಕೇಳ್ಲಿಲ್ಲ. ಐದು ವಾರ ಇದ್ರು.

ಇನ್ನು ನನ್ನ ಕಥೆ. ಬೀಪಿ ಇದೆ ಅಂತ ಎಂಟು ವರ್ಷದಿಂದ ಗೊತ್ತಿತ್ತು, ಮಾತ್ರೆ ಒಂದಿನ ತಗೊಂಡ್ರೆ ಮೂರು ದಿನ ಇಲ್ಲ, ಮೇಲೆ ಬೆನ್ನುನೋವಿಗೆ ಮೆಡಿಕಲ್ ಸ್ಟೋರಲ್ಲಿ ಕೇಳಿ ಇಸ್ಕೊಂಡು ನುಂಗಿದ ನೋವಿನ ಮಾತ್ರೆ. ಬಗ್ಗಿ ಕೂತು ಮೋಟರ್‌ಗೆ ತಾಮ್ರದ ತಂತಿ ಸುತ್ತೋ ಕೆಲ್ಸ ನೋಡಿ, ಬೆನ್ನು ಹಿಡ್ಕೊಳ್ದೆ ಇನ್ನೇನಾಗುತ್ತೆ. 46ನೇ ವಯಸ್ಸಿಗೆ ಒಂದಿನ ಅಂಗ್ಡೀಲಿ ಉಸಿರು ಸಿಕ್ದಂಗೆ ಆಗಿ ಸೇರಿಸಿದ್ರು, ಕ್ರಿಯಾಟಿನಿನ್, ಅಂದ್ರೆ ಕಿಡ್ನಿ ರಕ್ತದಿಂದ ಹೊರಗೆ ಹಾಕ್ಬೇಕಾದ ಕಸ, 9.8. ಒಂದರ ಆಸುಪಾಸು ಇರ್ಬೇಕಾದ್ದು. ಅವತ್ತೇ ಕುತ್ತಿಗೆಗೆ ಪೈಪ್ ಹಾಕಿ ಎರಡು ಗಂಟೆ ಡಯಾಲಿಸಿಸ್ ಮಾಡಿದ್ರು, ಮೊದಲ ಸಲ ಒಂದೇ ಸರ್ತಿ ಜಾಸ್ತಿ ಹೊತ್ತು ಮಾಡಲ್ಲ, ತಲೆನೋವು ಸುಸ್ತು ಬರುತ್ತೆ ಅಂತ ಕಡಿಮೆ ಇಟ್ಕೊಳ್ತಾರೆ. ಯಾರೂ ಪಂಚಾಯ್ತಿ ಮಾಡ್ಲಿಲ್ಲ ನನಗೆ. ಮಗಳು ಪಿಯುಸಿ, ನಾನು ದುಡಿಯೋ ಗಂಡ್ಸು, ಹಂಗಾಗಿ ಬೇಕಾ ಬೇಡ್ವಾ ಅನ್ನೋ ಪ್ರಶ್ನೇನೇ ಹುಟ್ಲಿಲ್ಲ.

ಮೊದಲ ಮೂರು ತಿಂಗ್ಳು ಯಾರಾದ್ರೂ ಆ ಗೀಟು ಕೊಟ್ಟಿದ್ರೆ ಹತ್ತಕ್ಕೆ ಗುರುತು ಹಾಕ್ತಿದ್ದೆ. ಇದನ್ನ ಮುಚ್ಚಿಡಲ್ಲ. ಕುತ್ತಿಗೆ ಪೈಪ್ ಒಂದು ಸಲ ಇನ್‌ಫೆಕ್ಷನ್ ಆಗಿ ಚಳಿ ಜ್ವರ ಬಂದು ಗಡಗಡ ನಡುಗಿದೀನಿ, ಮೀನುಖಂಡ ಹಿಡ್ಕೊಂಡು ಅರಚಿದೀನಿ, ಮಿಷಿನ್ ಮೇಲೆ ಬೀಪಿ ಬಿದ್ದು ಕಣ್ಣು ಕತ್ತಲೆ ಬಂದಿದೆ. ರಾತ್ರಿ ಮಲ್ಕೊಂಡು ದೊಡ್ಡಪ್ಪನಿಗೆ ನಾನು ಹೇಳಿದ್ದು ಸರಿನೇ ಇತ್ತು ಅಂದ್ಕೊಂಡಿದೀನಿ, ಅದೂ ಒಂದು ತರ ಸಮಾಧಾನ ಕೊಡ್ತಿತ್ತು ಅಂದ್ರೆ ನಂಬ್ತೀರಾ.

ಆಮೇಲೆ ಮೈಸೂರಲ್ಲಿ ಫಿಸ್ಟುಲಾ ಆಪರೇಷನ್ ಆಯ್ತು. ಗೊತ್ತಿಲ್ದೋರಿಗೆ ಹೇಳ್ತೀನಿ, ಮುಂಗೈ ಹತ್ರ ಶುದ್ಧ ರಕ್ತದ ನಾಳಾನೂ ಮಲಿನ ರಕ್ತದ ನಾಳಾನೂ ಸೇರ್ಸಿ ಹೊಲಿದುಬಿಡ್ತಾರೆ, ಆಗ ಮಲಿನ ರಕ್ತದ ನಾಳಕ್ಕೆ ಜೋರಾಗಿ ರಕ್ತ ನುಗ್ಗಿ ಅದು ದಪ್ಪ ಆಗುತ್ತೆ, ಗಟ್ಟಿ ಆಗುತ್ತೆ, ಆಮೇಲೆ ದಿನಬಿಟ್ಟು ದಿನ ಸೂಜಿ ಚುಚ್ಚಿದ್ರೂ ತಡ್ಕೊಳ್ಳುತ್ತೆ. ಹಣ್ಣಾಗೋಕೆ ಆರು ವಾರ ಎರಡು ತಿಂಗ್ಳು ಬೇಕು, ಅಲ್ಲೀವರ್ಗೂ ರಬ್ಬರ್ ಚೆಂಡು ಹಿಸುಕ್ತಾ ಕೂತ್ಕೋಬೇಕು. ಆ ಕೈ ಮೇಲೆ ಬೆರಳಿಟ್ರೆ ಗುಂಯ್ ಅಂತ ಅದುರುತ್ತೆ, ಥೇಟ್ ಬೋರ್‌ವೆಲ್ ಪೈಪ್ ಮೇಲೆ ಕೈ ಇಟ್ಟಂಗೆ. ನಾನು ಇಪ್ಪತ್ತು ವರ್ಷದಿಂದ ರೈತರ ಹೊಲದಲ್ಲಿ ಮೋಟರ್ ಆನ್ ಮಾಡಿ ಮೊದ್ಲು ಮಾಡೋ ಕೆಲ್ಸ ಅದೇ, ಪೈಪ್ ಮೇಲೆ ಕೈ ಇಡೋದು, ಅದುರಿದ್ರೆ ನೀರು ಬರ್ತಾ ಇದೆ ಅಂತ. ಈಗ ದಿನಾ ಬೆಳಗ್ಗೆ ಎದ್ದು ಕಣ್ಣು ಬಿಡೋಕೆ ಮುಂಚೆ ಬಲಗೈನ ಎಡಗೈ ಮೇಲಿಟ್ಟು ನೋಡ್ತೀನಿ. ಅದುರ್ತಾ ಇದ್ರೆ ಸರಿ.

ಕುತ್ತಿಗೆ ಪೈಪ್ ತೆಗೆದ ಮೇಲೆ ತಲೆ ಮೇಲೆ ನೀರು ಹುಯ್ಕೊಂಡು ಸ್ನಾನ ಮಾಡಿದ ದಿನ ಇದ್ಯಲ್ಲ, ನಾಲ್ಕು ತಿಂಗ್ಳಾದ್ಮೇಲೆ, ಅವತ್ತು ಎಷ್ಟು ಕೊಡ್ತಿದ್ದೆ? ತೊಂಬತ್ತು ಕೊಟ್ರೂ ಕೊಡ್ತಿದ್ದೆ. ಬಿಸಿನೀರು ತಲೆ ಮೇಲೆ ಬೀಳೋದಕ್ಕೆ ಆರೋಗ್ಯವಾಗಿರೋ ಯಾವನು ಮಾರ್ಕ್ಸ್ ಕೊಡ್ತಾನೆ ಹೇಳಿ.

ಊಟದ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ನೋಡೋರಿಗೆ ಸೂಜಿ ದೊಡ್ಡದಾಗಿ ಕಾಣುತ್ತೆ, ನಮಗೆ ತಟ್ಟೆ ದೊಡ್ಡದು. ಡಯಟ್ ಮೇಡಂ ಕೂರ್ಸಿ ಹೇಳಿದ್ರು, ಪೊಟ್ಯಾಸಿಯಂ ಜಾಸ್ತಿ ಇರೋದು ತಿನ್ನಂಗಿಲ್ಲ, ರಕ್ತದಲ್ಲಿ ಅದು ಏರಿದ್ರೆ ಹಾರ್ಟ್ ನಿಂತೋಗ್ಬೋದು, ಬಾಳೆಹಣ್ಣು ಬೇಡ, ಎಳನೀರು ಅಂತೂ ಮುಟ್ಲೇಬೇಡಿ, ಸೊಪ್ಪು ತರಕಾರಿ ಚೆನ್ನಾಗಿ ಬೇಯ್ಸಿ ಆ ನೀರು ಬಸಿದು ಚೆಲ್ಲಿ ಆಮೇಲೆ ತಿನ್ನಿ. ನನ್ನ ಹೆಂಡ್ತಿ "ಬಸಿದ ಕಟ್ಟು ಚೆಲ್ಲಬೇಕಾ ಮೇಡಂ?" ಅಂತ ಮೂರು ಸಲ ಕೇಳಿದ್ಲು. ನಮ್ಮ ಕಡೆಯೋರಿಗೆ ಬಸ್ಸಾರು ಅಂದ್ರೇನೇ ಆ ಕಟ್ಟು, ಮುದ್ದೆ ಜೊತೆ ಅದೇ ಪ್ರಾಣ, ಸೊಪ್ಪಿನ ಪಲ್ಯ ಬೇಕಾದ್ರೆ ಬಿಟ್ಟೇವು. ಮೊದಲ ಸಲ ಅವಳು ಹೊನಗೊನೆ ಸೊಪ್ಪು ಅವರೆಕಾಳು ಬೇಯ್ಸಿ ಕಟ್ಟನ್ನ ಹಿತ್ಲಲ್ಲಿ ಬಾಳೆಗಿಡದ ಬುಡಕ್ಕೆ ಸುರಿಯೋದನ್ನ ನಾನು ಕಿಟಕೀಲಿ ನೋಡಿದೆ. ಹಬೆ ಏಳ್ತಿತ್ತು. ಸೂಜಿ ಚುಚ್ಚಿದಾಗ ಬರ್ದೇ ಇದ್ದ ನೀರು ಅವತ್ತು ಕಣ್ಣಲ್ಲಿ ಬಂತು. ಮದ್ದೂರು ಎಳನೀರು ಮಾರ್ಕೆಟ್ ಮುಂದೆನೇ ನಮ್ಮ ಬಸ್ ಹೋಗೋದು, ಲಾರಿ ಲಾರಿ ಎಳನೀರು ರಾಶಿ ಬಿದ್ದಿರುತ್ತೆ, ಆಸ್ಪತ್ರೇಲಿ ಮಲಗಿರೋರ್ನ ನೋಡೋಕೆ ಹೋಗೋರು ಕೈಲಿ ಹಿಡ್ಕೊಂಡು ಹೋಗೋದೇ ಎಳನೀರು, ನಮ್ಮ ವಾರ್ಡಿಗೆ ತಂದ್ರೆ ಸಿಸ್ಟರ್ ಬೈದು ವಾಪಸ್ ಕಳಿಸ್ತಾರೆ. ದಿನಕ್ಕೆ 700 ಎಂಎಲ್ ನೀರು, ಕಾಫಿ ಸಾರು ಮಜ್ಜಿಗೆ ಎಲ್ಲ ಸೇರಿ. ನಾಲೆ ನೀರು ಬಿಟ್ಟಾಗ ಏರಿ ಮೇಲೆ ಕೂತು ಅಷ್ಟು ನೀರು ಹೋಗೋದನ್ನ ನೋಡ್ತಾ ಬಾಯಿ ಒಣಗಿಸ್ಕೊಂಡು ಕೂತಿರೋದು ಒಂದು ತರ ತಮಾಷೆನೇ.

ಇಷ್ಟೆಲ್ಲ ಹೇಳಿ 70 ಯಾಕೆ ಕೊಟ್ಟೆ ಅಂತ ಕೇಳ್ಬೋದು. ನಾನೂ ಕೇಳ್ಕೊಂಡೆ. ಆ ಹುಡುಗಿ ಎರಡನೇ ಸಲ ಬಂದಾಗ ಅವಳ್ನೂ ಕೇಳಿದೆ, ಅಲ್ಲಮ್ಮ ನಾವು ಹಾಕಿದ ಗುರುತು ಇಟ್ಕೊಂಡು ಏನ್ ಮಾಡ್ತೀರಾ.

ಅವಳು ಕೂತ್ಕೊಂಡು ಚೆನ್ನಾಗಿ ವಿವರಿಸಿದ್ಲು, ಓದೋ ಮಕ್ಕಳಿಗೆ ಕೇಳೋರು ಸಿಕ್ರೆ ಖುಷಿ ನೋಡಿ. ಐದು ಪ್ರಶ್ನೆ ಐದೈದು ಉತ್ತರ ಅಂದ್ರೆ ಒಟ್ಟು 3125 ತರದ ಸ್ಥಿತಿ ಆಗುತ್ತಂತೆ. ಒಂದೊಂದಕ್ಕೂ ಒಂದು ಬೆಲೆ ಕಟ್ಟಿದಾರೆ, ಪೂರ್ತಿ ಆರೋಗ್ಯಕ್ಕೆ 1, ಸಾವಿಗೆ 0. ಕೆಲವು ಸ್ಥಿತಿಗೆ ಸೊನ್ನೆಗಿಂತ ಕೆಳಗೆ, ಮೈನಸ್ ಬೆಲೆನೂ ಇದೆ, ಅಂದ್ರೆ ಸಾವಿಗಿಂತ ಕಡೆ. ಸರ್ಕಾರಗಳು ಯಾವ ಚಿಕಿತ್ಸೆಗೆ ಎಷ್ಟು ದುಡ್ಡು ಹಾಕೋದು ಅಂತ ಲೆಕ್ಕ ಮಾಡೋವಾಗ ಇದನ್ನ ಎಷ್ಟು ವರ್ಷ ಬದುಕ್ತಾರೆ ಅನ್ನೋ ಲೆಕ್ಕಕ್ಕೆ ಗುಣಿಸ್ತಾರೆ. ಬೆಲೆ ಹೆಂಗೆ ಕಟ್ಟೋದು ಅಂದ್ರೆ ಜನರನ್ನ ಕೂರ್ಸಿ ಕೇಳೋದು, ಈ ಸ್ಥಿತೀಲಿ 10 ವರ್ಷ ಇರ್ತೀರೋ ಅಥವಾ ಪೂರ್ತಿ ಆರೋಗ್ಯವಾಗಿ ಇಷ್ಟೇ ವರ್ಷ ಇರ್ತೀರೋ, ಎಷ್ಟಕ್ಕೆ ಇಳಿಸಿದ್ರೆ ಎರಡೂ ಒಂದೇ ಅನ್ಸುತ್ತೆ ಅಂತ, ಒಳ್ಳೆ ಎಮ್ಮೆ ವ್ಯಾಪಾರದ ತರ ಚೌಕಾಸಿ. 8 ವರ್ಷಕ್ಕೆ ಒಂದೇ ಅನ್ಸಿದ್ರೆ ಬೆಲೆ 0.8.

"ಯಾರನ್ನ ಕೇಳ್ತಾರೆ, ನಮ್ಮನ್ನಾ?" ಅಂದೆ.

ಅಲ್ವಂತೆ. ಬಹಳ ದೇಶಗಳಲ್ಲಿ ಕೇಳೋದು ಸಾಮಾನ್ಯ ಜನರನ್ನ, ಆ ಕಾಯಿಲೆ ಇದ್ರೂ ಸರಿ ಇಲ್ದಿದ್ರೂ ಸರಿ, ಊಹಿಸ್ಕೊಂಡು ಹೇಳಿ ಅಂತ. ನಮ್ಮ ದೇಶದ ಲೆಕ್ಕ 2022ರಲ್ಲಿ ಪ್ರಕಟ ಆಗಿದ್ದು, ಅದೂ ಹಂಗೇ. ತೆರಿಗೆ ಕಟ್ಟೋರು ಎಲ್ರೂ ಅಲ್ವಾ, ದುಡ್ಡು ಎಲ್ರದ್ದು, ಹಂಗಾಗಿ ಎಲ್ರನ್ನೂ ಕೇಳ್ಬೇಕು ಅನ್ನೋ ವಾದ. ಅದ್ರಲ್ಲೂ ನ್ಯಾಯ ಇಲ್ದೆ ಇಲ್ಲ. ಆದ್ರೆ ನನಗೆ ಥಟ್ ಅಂತ ಹೊಳೆದದ್ದು ಆ ವಾರ್ಡಿನ ಬಾಗ್ಲಲ್ಲಿ ಐದು ನಿಮಿಷ ನಿಂತಿದ್ದ ನಾನು. ಇಂಥ ಬಾಳಿಗಿಂತ ಸಾಯೋದೇ ವಾಸಿ ಅಂತ ನಮ್ಮೂರ ಅರಳೀಕಟ್ಟೆ ಮೇಲೆ ಎಷ್ಟು ಸಲೀಸಾಗಿ ಅಂತೀವಿ, ಅದನ್ನೇ ಎರಡು ದಶಮಾಂಶಕ್ಕೆ ಬರ್ದಂಗೆ.

ಇನ್ನೊಂದು ಹೇಳಿದ್ಲು. 2005ರಲ್ಲಿ ಅಮೆರಿಕದಲ್ಲಿ 49 ಜನ ಡಯಾಲಿಸಿಸ್ ಪೇಷಂಟ್‌ಗಳಿಗೂ ಅದೇ ತರದ 49 ಜನ ಆರೋಗ್ಯವಂತರಿಗೂ ಅಂಗೈಲಿ ಹಿಡಿಯೋ ಪುಟ್ಟ ಕಂಪ್ಯೂಟರ್ ಕೊಟ್ಟು ಒಂದು ವಾರ ಆಗಾಗ ಅದು ಬೀಪ್ ಅಂದಾಗೆಲ್ಲ ಈಗ ಮನಸ್ಸು ಹೆಂಗಿದೆ ಅಂತ ಒತ್ತಿಸಿದ್ರಂತೆ. ಇಬ್ಬರಿಗೂ ಹೇಳ್ಕೊಳ್ಳೋ ವ್ಯತ್ಯಾಸ ಕಾಣ್ಲಿಲ್ಲ. ಆರೋಗ್ಯವಾಗಿರೋರು ಮಾತ್ರ ಡಯಾಲಿಸಿಸ್ ಆದ್ರೆ ನಾವು ದಿನಪೂರ್ತಿ ಗೋಳಲ್ಲೇ ಇರ್ತೀವಿ ಅಂತ ಅಂದಾಜು ಮಾಡಿದ್ರು. ತಮಾಷೆ ಅಂದ್ರೆ ಪೇಷಂಟ್‌ಗಳೂ ತಪ್ಪು ಲೆಕ್ಕ ಹಾಕಿದ್ರು, ಕಾಯಿಲೆ ಇಲ್ದಿದ್ರೆ ನಾವು ಈಗಿಗಿಂತ ಬಹಳ ಸುಖವಾಗಿ ಇರ್ತಿದ್ವಿ ಅಂತ, ಪಕ್ಕದಲ್ಲೇ ಇರೋ ಆರೋಗ್ಯವಂತರು ಅಷ್ಟೇನೂ ಸುಖವಾಗಿರ್ಲಿಲ್ಲ.

ನನಗೆ ಪೂರ್ತಿ ಒಪ್ಪಿಗೆ ಆಗ್ಲಿಲ್ಲ. ಅಮೆರಿಕದೋನಿಗೆ ಡಯಾಲಿಸಿಸ್ ಮುಗಿದ್ಮೇಲೆ ಕಾರಿದೆ, ನಮಗೆ ಬಸ್‌ಸ್ಟಾಂಡ್ ಇದೆ. ಹಂಗಾಗಿ ನಾನೇ ನೋಡಿಬಿಡೋಣ ಅಂತ ಅಂಗ್ಡಿ ಬಿಲ್ ಬುಕ್ಕಿನ ಹಿಂಭಾಗದಲ್ಲಿ ದಿನಾ ಒಂದು ನಂಬರ್ ಬರೆಯೋಕೆ ಶುರು ಮಾಡ್ದೆ. ಒಂಬತ್ತು ವಾರ ಬರೆದೆ, ಆಮೇಲೆ ಬುಕ್ ಖಾಲಿ ಆಯ್ತು.

ಶುಕ್ರವಾರ ಡಯಾಲಿಸಿಸ್ ಆದ್ರೆ ಆಮೇಲೆ ಸೋಮವಾರನೇ, ಮಧ್ಯ ಎರಡು ದಿನ ಗ್ಯಾಪು, ಮೈಯಲ್ಲಿ ನೀರು ತುಂಬಿರುತ್ತೆ, ಸೋಮವಾರ ಬೆಳಗ್ಗೆ ನನ್ನ ನಂಬರ್ 40, 45. ಮಂಗಳವಾರ 75. ಅಂದ್ರೆ ಆ ಹುಡುಗಿ ಬುಧವಾರದ ಬದಲು ಸೋಮವಾರ ಬಂದಿದ್ರೆ ನನ್ನ ಹೆಂಡ್ತಿ ಹೇಳಿದ್ದೇ ಸರಿ ಇರ್ತಿತ್ತು. ಎಲ್ಲಕ್ಕಿಂತ ಕಡಿಮೆ 20, ಪಕ್ಕದ ಬೆಡ್ಡಿನ ಹುಡುಗ ತೀರಿಕೊಂಡ ದಿನ, ನನ್ನ ಮೈಗೆ ಅವತ್ತು ಏನೂ ಆಗಿರ್ಲಿಲ್ಲ. ಎಲ್ಲಕ್ಕಿಂತ ಜಾಸ್ತಿ 85. ಅವತ್ತು ಏನಪ್ಪ ವಿಶೇಷ ಅಂತ ನೋಡಿದ್ರೆ, ಕೊಪ್ಪದ ಕಡೆಯ ಒಬ್ರು ಸುಟ್ಟೋದ 5 ಎಚ್‌ಪಿ ಸಬ್‌ಮರ್ಸಿಬಲ್ ಮೋಟರ್ ತಂದಿದ್ರು, ಎರಡು ಕಡೆ ರಿಪೇರಿ ಆಗಲ್ಲ ಅಂದಿದ್ರಂತೆ, ನಾನು ಎರಡು ದಿನ ಕೂತು ಸುತ್ತಿ ಕೊಟ್ಟೆ, ಫಿಸ್ಟುಲಾ ಕೈಲಿ ಭಾರ ಎತ್ತಂಗಿಲ್ಲ ಅಂತ ಎತ್ತೋದೆಲ್ಲ ಹುಡುಗನ ಕೈಲಿ ಎತ್ತಿಸಿ, ಮೊದಲ ಸ್ವಿಚ್‌ಗೇ ಓಡ್ತು. ಅಷ್ಟೇ. ಆ ಬಾಗ್ಲಲ್ಲಿ ನಿಂತು ನೋಡೋನಿಗೆ ಮಿಷಿನ್ ಕಾಣುತ್ತೆ, ಮೋಟರ್ ಕಾಣಲ್ಲ. ವಾರಕ್ಕೆ 168 ಗಂಟೇಲಿ ನಾನು ಮಿಷಿನ್ ಮೇಲೆ ಇರೋದು 12 ಗಂಟೆ.

ನಡುವೆ ಒಂದು ಎರಡು ವಾರ ನಂಬರ್ ಸುಮ್ನೆ ಸುಮ್ನೆ ಇಳಿದಿದೆ. ಆಗ ನಾನು ಜೀವಸಾರ್ಥಕತೆಯಲ್ಲಿ, ಅಂದ್ರೆ ಅಂಗದಾನ ನೋಡ್ಕೊಳ್ಳೋ ನಮ್ಮ ರಾಜ್ಯದ ಸಂಸ್ಥೇಲಿ, ಕಿಡ್ನಿಗೆ ಹೆಸರು ನೋಂದಾಯಿಸಿದ್ದೆ. ಹೆಂಡ್ತಿಗೆ ಸಕ್ಕರೆ ಕಾಯಿಲೆ, ಕೊಡೋ ಹಂಗಿಲ್ಲ, ತೀರಿಕೊಂಡೋರ ಕಿಡ್ನಿ ಯಾವತ್ತಾದ್ರೂ ಬರ್ಬೋದು ಅಂತ ಆಸೆ. ಆಸೆ ಬಂದ್ಮೇಲೆ ನೆಮ್ಮದಿ ಹೆಚ್ಚಾಗ್ಬೇಕಿತ್ತಲ್ವಾ, ಆಗಿದ್ದು ಉಲ್ಟಾ. ಫೋನ್ ಹೊಡ್ಕೊಂಡ್ರೆ ಎದೆ ಹೊಡ್ಕೊಳ್ಳೋದು, ಯಾವನೋ ಸ್ಟಾರ್ಟರ್ ಕೇಳೋಕೆ ಮಾಡಿರ್ತಾನೆ, ಸಿಟ್ಟು ಬರೋದು. ಈ ಬದುಕು ತಾತ್ಕಾಲಿಕ ಅಂತ ಆದ ತಕ್ಷಣ ಇದ್ರಲ್ಲಿ ಚೆನ್ನಾಗಿದ್ದದ್ದೂ ಸಪ್ಪೆ ಆಗೋಯ್ತು. ಹುಡುಗಿಗೆ ಹೇಳಿದ್ರೆ ಅವಳು ನಕ್ಕಳು, ಕರುಳಿನ ಆಪರೇಷನ್ ಆಗಿ ಮಲ ಹೋಗೋಕೆ ಹೊಟ್ಟೆಗೆ ಚೀಲ ಹಾಕಿಸ್ಕೊಂಡೋರ ಮೇಲೆ ಹಿಂಗೇ ಒಂದು ಸ್ಟಡಿ ಇದೆಯಂತೆ, ಮುಂದೆ ಚೀಲ ತೆಗೀತಾರೆ ಅಂತ ಕಾಯ್ತಾ ಇದ್ದೋರಿಗಿಂತ ಜೀವಮಾನಪೂರ್ತಿ ಇದೇ ಅಂತ ಗೊತ್ತಿದ್ದೋರು ಹೋಗ್ತಾ ಹೋಗ್ತಾ ಜಾಸ್ತಿ ಖುಷಿಯಾಗಿದ್ರಂತೆ. ಹೆಸರು ಈಗ್ಲೂ ಲಿಸ್ಟಲ್ಲಿದೆ. ಫೋನ್ ರಿಂಗ್‌ಟೋನ್ ಮಾತ್ರ ಬದಲಾಯಿಸ್ಕೊಂಡೆ.

ಇಲ್ಲೀವರ್ಗೂ ಓದಿ, ನೋಡಿದ್ರಾ ಕಾಯಿಲೆ ಬಿದ್ದೋನಿಗೇ ಗೊತ್ತು ಕಾಯಿಲೆ ಬದುಕು, ಅಂತ ಯಾರಾದ್ರೂ ಅಂದ್ಕೊಂಡಿದ್ರೆ ಸ್ವಲ್ಪ ತಡೀರಿ. ನಾನೂ ಹಂಗೇ ಅಂದ್ಕೊಂಡು ಬೀಗ್ತಿದ್ದೆ.

ನಮ್ಮ ಶಿಫ್ಟಲ್ಲಿ ಒಬ್ರು ರಿಟೈರ್ಡ್ ಮೇಷ್ಟ್ರು ಇದ್ರು, 74 ವರ್ಷ, ಗಣಿತದ ಮೇಷ್ಟ್ರು. ಸಕ್ಕರೆಯಿಂದ ಒಂದು ಕಾಲು ಮಂಡಿ ಕೆಳಗೆ ತೆಗೆದಿದ್ರು, ಕಣ್ಣು ಮಂಜು, ಎರಡನೇ ಫಿಸ್ಟುಲಾನೂ ಕಟ್ಕೊಂಡಿತ್ತು, ಮತ್ತೆ ಕುತ್ತಿಗೆ ಪೈಪೇ. ಒಂದಿನ ಅವರು ಮಗನಿಗೆ ಹೇಳಿದ್ರು, ಸಾಕು ನಿಲ್ಸಿಬಿಡೋಣ ಅಂತ. ಮಗ ಬಂದು ನನ್ನ ಹತ್ರ ಅತ್ತ, ನೀವು ಹೇಳಿ ಸಾರ್ ನಿಮ್ಮ ಮಾತು ಕೇಳ್ತಾರೆ ಅಂತ. ನಾನು ಬಿಲ್ ಬುಕ್ ತಗೊಂಡೇ ಹೋದೆ. ಸೋಮವಾರ ಹಿಂಗೇ ಅನ್ಸುತ್ತೆ ಮೇಷ್ಟ್ರೇ, ನಾಳೆ ಸರಿಹೋಗುತ್ತೆ, ನೋಡಿ ನಂದು 45 ಇದ್ದದ್ದು 75 ಆಗಿದೆ, ಅಮೆರಿಕದಲ್ಲಿ ಸ್ಟಡಿ ಮಾಡಿದಾರೆ, ಅಂತೆಲ್ಲ ಪುರಾಣ ಬಿಚ್ಚಿದೆ. ಅವರು ಪೂರ್ತಿ ಕೇಳಿಸ್ಕೊಂಡ್ರು. ಕ್ಲಾಸಲ್ಲಿ ತಪ್ಪು ಉತ್ತರ ಹೇಳೋ ಹುಡುಗನ್ನ ನೋಡೋ ತರ ನೋಡಿ, "ಅದು ನಿನ್ ಲೆಕ್ಕ ಕಣಪ್ಪ. ನಿನ್ ಪುಸ್ತಕದಲ್ಲಿ ನನ್ ಲೆಕ್ಕ ಮಾಡ್ಬೇಡ" ಅಂದ್ರು. ಮಂಗಳವಾರದ ಬಗ್ಗೆ ಕೇಳ್ದೆ. "ನಂಗೆ ಮಂಗ್ಳವಾರಾನೂ ಸೋಮವಾರವೇ" ಅಂದ್ರು.

ಡಾಕ್ಟ್ರು ಎರಡು ಸಲ ಕೂತು ಮಾತಾಡಿದ್ರು, ಬೇಜಾರಿನ ಕಾಯಿಲೆ ಏನಾದ್ರೂ ಇದ್ಯಾ ಅಂತ ಬೇರೆ ಡಾಕ್ಟ್ರಿಗೆ ತೋರ್ಸಿದ್ರು, ಮನೆಯೋರ ಜೊತೆ ಮಾತಾಡಿದ್ರು, ಆಮೇಲೆ ನಿಲ್ಲಿಸಿದ್ರು. ಒಂಬತ್ತು ದಿನ ಇದ್ರು ಮನೇಲಿ, ಉಸಿರು ಕಟ್ಟದ ಹಾಗೆ ನೋವು ಆಗದ ಹಾಗೆ ಮಾತ್ರೆ ಕೊಟ್ಟಿದ್ರಂತೆ. ನಾಲ್ಕನೇ ದಿನ ನೋಡೋಕೆ ಹೋಗಿದ್ದೆ. ಎರಡೂವರೆ ವರ್ಷದಲ್ಲಿ ಮೊದಲ ಸಲ ಎಳನೀರು ಕುಡೀತಿದ್ರು, ಸೊಸೆ ಸ್ಟ್ರಾ ಹಿಡ್ಕೊಂಡಿದ್ಲು, ನನ್ನ ನೋಡಿ ಸ್ಟ್ರಾ ಬಿಟ್ಟು "ನಿಂಗೆ ಬೇಡ" ಅಂದ್ರು. ಅವರ ತಮಾಷೆನೂ ಗಣಿತದ ತರನೇ, ಒಂದೇ ಸಾಲು.

ದೊಡ್ಡಪ್ಪನಿಗೂ ಮೇಷ್ಟ್ರಿಗೂ ಕೊನೆಗೆ ಆಗಿದ್ದು ಒಂದೇ ಅಲ್ವಾ ಅಂತ ನನ್ನ ಹೆಂಡ್ತಿ ಕೇಳಿದ್ಲು. ಒಂದೇ ಅಲ್ಲ ಅಂತ ನನಗೆ ಗೊತ್ತಿತ್ತು, ಹೇಳೋಕೆ ಬಾಯಿ ಬರ್ಲಿಲ್ಲ.

ಹೋದ ದೀಪಾವಳಿಗೆ ದೊಡ್ಡಮ್ಮನ ಮನೆಗೆ ಹೋಗಿದ್ದೆ. ಕೇಳ್ಬೇಕೋ ಬೇಡ್ವೋ ಅಂತ ಒದ್ದಾಡಿ ಕೊನೆಗೆ ಕೇಳೇಬಿಟ್ಟೆ, ಅವತ್ತು ಜಗಲಿ ಮೇಲೆ ನಾವು ಆಡಿದ್ದು ದೊಡ್ಡಪ್ಪನಿಗೆ ಕೇಳಿಸ್ತಾ ಅಂತ. ದೊಡ್ಡಮ್ಮ ಎಲೆ ಅಡಿಕೆ ಕುಟ್ತಾ ಇದ್ರು, ನಿಲ್ಲಿಸ್ಲಿಲ್ಲ. "ಕೇಳ್ದೆ ಇರ್ತದ್ಲಾ, ನೀನು ಆಡಿದ್ದು ಅರಳೀಕಟ್ಟೆಗೂ ಕೇಳಿಸ್ತು" ಅಂದ್ರು. ಏನಂದ್ರು ಅವ್ರು ಅಂದೆ. "ಏನೂ ಅನ್ನಿಲ್ಲ. ಕಬ್ಬು ಕಡಿಯೋವರ್ಗಾದ್ರೂ ಇದ್ದಿದ್ರೆ ಆಗೋದು ಅಂದ್ರು." ಕಬ್ಬು ಕಟಾವಿಗೆ ಇನ್ನು ನಾಲ್ಕು ತಿಂಗ್ಳಿತ್ತು ಆಗ. ನಾಲ್ಕು ತಿಂಗ್ಳು ಅಂದ್ರೆ ಐವತ್ತು ಡಯಾಲಿಸಿಸ್. ಆಗಿರೋದು. ಐವತ್ತಕ್ಕೂ ನಾನೇ ಬೈಕಲ್ಲಿ ಕರ್ಕೊಂಡು ಹೋಗ್ಬೋದಿತ್ತು, ಅಂಗ್ಡಿ ಮಂಡ್ಯದಲ್ಲೇ ಇತ್ತಲ್ಲ.

ಮನೆಗೆ ಬಂದು ಹೆಂಡ್ತಿಗೆ ಇದನ್ನ ಹೇಳ್ದೆ, ಹೇಳ್ತಾ ಹೇಳ್ತಾ ಆ 40ರ ವಿಷಯಾನೂ ಬಂತು, ಒಂದು ವರ್ಷ ಆದ್ರೂ ಮುಗಿದಿರ್ಲಿಲ್ಲ ಆ ಜಗಳ. ಅವಳು ಅವತ್ತು ಸಮಾಧಾನವಾಗಿ ಹೇಳಿದ್ಲು. "ನೀವು ನಿಮ್ಮ ಮೈ ನೋಡಿ ಹೇಳಿದ್ರಿ. ನಾನು ನಾಲ್ಕೂವರೆಗೆ ಎದ್ದು ತಿಂಡಿ ಡಬ್ಬಿಗೆ ಹಾಕಿ, ಸೊಪ್ಪು ಎರಡು ಸಲ ಬೇಯ್ಸಿ, ನಿಮ್ಮ ನೀರು ಅಳೆದು, ರಾತ್ರಿ ನೀವು ಉಸಿರಾಡ್ತಾ ಇದೀರಾ ಇಲ್ವಾ ಅಂತ ಎದ್ದು ಎದ್ದು ನೋಡಿ, ಅದೆಲ್ಲ ಸೇರ್ಸಿ ಹೇಳ್ದೆ. ನಂದು ನಿಮ್ದು ಬೇರೆ ಬೇರೆ ಅಂತ ಆ ಫಾರಂನಲ್ಲಿ ಎಲ್ಲಿ ಇತ್ತು?" ಇರ್ಲಿಲ್ಲ. ರಾತ್ರಿ ಎದ್ದು ನೋಡ್ತಾಳೆ ಅನ್ನೋದೇ ನನಗೆ ಗೊತ್ತಿರ್ಲಿಲ್ಲ, ನಾನು ಗೊರಕೆ ಹೊಡೀತಾ 75ರಲ್ಲಿ ಮಲಗಿರ್ತೀನಿ.

ಹೋದ ವಾರ ದೊಡ್ಡಪ್ಪನ ದೊಡ್ಡ ಮಗ ಫೋನ್ ಮಾಡಿದ್ದ. ಅವನ ಮಾವನಿಗೆ ಕ್ರಿಯಾಟಿನಿನ್ 8 ದಾಟಿದೆ, ಇನ್ನೂ ಕೂತ್ರೆ ಎದ್ರೆ ತೊಂದ್ರೆ ಇಲ್ಲ, ಡಾಕ್ಟ್ರು ಶುರು ಮಾಡೋಣ ಅಂದಿದಾರೆ, ಎಲ್ಲ ಸೇರಿದೀವಿ. "ನೀನು ಅನುಭವಸ್ಥ ಕಣಣ್ಣ, ನೀನೇ ಹೇಳು, ಬೇಕಾ ಬೇಡ್ವಾ. ಸ್ಪೀಕರ್‌ಗೆ ಹಾಕಿದೀನಿ."

ಸ್ಪೀಕರ್ ಆಫ್ ಮಾಡು, ಮಾವನ ಕೈಗೆ ಕೊಡು ಫೋನ್ನ ಅಂದೆ. ಸ್ವಲ್ಪ ಹೊತ್ತು ಗುಸುಗುಸು, ಬಾಗ್ಲು ಕಿರ್ ಅಂದ ಸದ್ದು, ಆಮೇಲೆ ಕೆಮ್ಮು.

"ಯಾರಪ್ಪ?"

ನಾನು ಇಂಥೋನು, ನನಗೂ ಅದೇ ಆಗೋದು, ಎರಡೂವರೆ ವರ್ಷ ಆಯ್ತು, ಏನು ಕೇಳ್ಬೇಕೋ ಕೇಳಿ ಮಾವ ಅಂದೆ. ಸೂಜಿ ಬಗ್ಗೆ ಕೇಳ್ತಾರೆ, ಎಷ್ಟು ವರ್ಷ ಬದುಕ್ತೀನಿ ಅಂತ ಕೇಳ್ತಾರೆ ಅಂದ್ಕೊಂಡಿದ್ದೆ.

"ಅಲ್ಲಿ ಬೀಡಿ ಸೇದಕ್ ಬಿಟ್ಟಾರಾ?"

ಇಲ್ಲ ಮಾವ.

"ಮತ್ತೆ ನಾಕ್ ಗಂಟೆ ಏನ್ಲಾ ಮಾಡೀರಿ?"

ಮಲ್ಕೊಳ್ತೀವಿ, ಇಲ್ಲಾಂದ್ರೆ ಪಕ್ಕದೋರ ಜೊತೆ ಮಾತಾಡ್ತೀವಿ, ಟಿವಿ ಇದೆ ಒಂದು ಆದ್ರೆ ರಿಮೋಟ್ ಸಿಸ್ಟರ್ ಹತ್ರ ಇರುತ್ತೆ ಅಂದೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ರು. ನೀರು ಅಳೆದು ಕುಡೀಬೇಕು ಅಂತ ಹೇಳ್ದೆ, ಬಸ್ಸಾರು ಬಿಡ್ಬೇಕು ಅಂತಾನೂ ಹೇಳ್ದೆ, ಸೋಮವಾರ ಕಷ್ಟ ಅಂತಾನೂ. ಯಾವುದನ್ನೂ ಸಿಹಿ ಮಾಡಿ ಹೇಳ್ಲಿಲ್ಲ. ಬಸ್ಸಾರು ಅಂದಾಗ "ಅಯ್ಯೋ ಶಿವನೇ" ಅಂದ್ರು.

ಆಮೇಲೆ, "ನಿಮ್ದು ಯಾವತ್ತು?" ಅಂತ ಕೇಳಿದ್ರು. ಸೋಮ ಬುಧ ಶುಕ್ರ ಅಂದೆ.

"ಬುಧ್ವಾರ ಬತ್ತೀನಿ. ಅವ್ರ್ಯಾರ್ಗೂ ಯೋಳ್ಬ್ಯಾಡ, ನಾನೇ ಬಸ್ ಅತ್ಗಂಡ್ ಬತ್ತೀನಿ, ಕೂತ್ಗಂಡ್ ನೋಡ್ತೀನಿ ಒಂದಪ. ಆಮ್ಯಾಕ್ ಯೋಳ್ತೀನಿ."

ಬಾಗ್ಲಲ್ಲಿ ನಿಂತ್ಕೊಂಡು ನೋಡ್ಬೇಡಿ ಮಾವ, ಒಳಗೆ ಬನ್ನಿ, ನನ್ನ ಬೆಡ್ ಪಕ್ಕ ಸ್ಟೂಲ್ ಹಾಕ್ಸಿರ್ತೀನಿ ಅಂದೆ. ಸಿಸ್ಟರ್‌ನ ಕೇಳಿದ್ದಕ್ಕೆ ಮೊದ್ಲು ಆಗಲ್ಲ ಅಂದ್ರು, ಆಮೇಲೆ ಅರ್ಧ ಗಂಟೆ ಅಂದಿದಾರೆ.